ಮೂರ್ ತುಂಬಿದ ಫಾರ್ಮ್

ಮೈಕಲ್ ಮೂರ್ ಅವರ 'ಬೌಲಿಂಗ್ ಫಾರ್ ಕೊಲಂಬೈನ್' ನೋಡಿದವರು ಬೇರೆಲ್ಲ ಮರೆತರೂ ಅದರ ಬ್ಯಾಂಕ್ ದೃಶ್ಯ ಮರೆಯೋಲ್ಲ. ಮಿಷಿಗನ್ ರಾಜ್ಯದ ಒಂದು ಬ್ಯಾಂಕು. ಇಂತಿಷ್ಟು ದುಡ್ಡು ಠೇವಣಿ ಇಟ್ಟರೆ ಬಂದೂಕು ಉಚಿತ. ನಮ್ಮಲ್ಲಿ ಎಫ್‌ಡಿ ಇಟ್ಟವರಿಗೆ ಹೊಸ ವರ್ಷದ ಕ್ಯಾಲೆಂಡರು, ಡೈರಿ ಕೊಡ್ತಾರಲ್ಲ, ಹಾಗೆ. ಮೂರ್ ಒಳಗೆ ಹೋಗ್ತಾರೆ, ಖಾತೆ ತೆರೀತಾರೆ, ಒಂದು ಫಾರ್ಮ್ ತುಂಬ್ತಾರೆ, ರೈಫಲ್ ಹಿಡ್ಕೊಂಡು ಹೊರಗೆ ಬರ್ತಾರೆ. ಬರೋ ಮುಂಚೆ, ಬ್ಯಾಂಕಿನಲ್ಲಿ ಬಂದೂಕು ಹಂಚೋದು ಸ್ವಲ್ಪ ಅಪಾಯ ಅಲ್ವಾ ಅಂತ ಏನೂ ಅರಿಯದವರ ಥರ ಕೇಳ್ತಾರೆ. 2002ರಲ್ಲಿ ಬಂದ ಈ ಸಾಕ್ಷ್ಯಚಿತ್ರಕ್ಕೆ 2003ರಲ್ಲಿ ಆಸ್ಕರ್ ಬಂತು. ಅಮೆರಿಕದಲ್ಲಿ ಇನ್ನೊಂದು ಶಾಲೆಯಲ್ಲಿ ಗುಂಡು ಹಾರಿದಾಗಲೆಲ್ಲ ಯಾರೋ ಒಬ್ಬರು ವಾಟ್ಸ್ಯಾಪ್ ಗ್ರೂಪಿನಲ್ಲಿ 'ಇದನ್ನ ನೋಡಿದ್ದೀರಾ?' ಅಂತ ಹಾಕೋದು ಇದೇ ಸಿನಿಮಾನ.

ನನ್ನ ತಕರಾರು ಶುರುವಾಗೋದು ಆ ಫಾರ್ಮ್‌ನಿಂದ. ಅದನ್ನು ತುಂಬುವಾಗ ಮೂರ್ ತಮಾಷೆ ಮಾಡ್ತಾರೆ. ಜನಾಂಗದ ಕಾಲಮ್‌ನಲ್ಲಿ ಏನು ಬರೀಲಿ ಅಂತ ಕೇಳ್ತಾರೆ. ಮಾನಸಿಕ ಅಸ್ವಸ್ಥ ಅಂತ ಯಾವತ್ತಾದರೂ ತೀರ್ಪು ಬಂದಿದೆಯಾ ಅನ್ನೋ ಪ್ರಶ್ನೆ ಬಂದಾಗ ಅದನ್ನೂ ಜೋಕ್ ಮಾಡ್ತಾರೆ. ನೋಡೋರು ನಗ್ತಾರೆ, ನಗು ಬರೋ ಹಾಗೇ ಎಡಿಟ್ ಆಗಿದೆ. ನಗು ನಿಂತ ಮೇಲೆ ಒಂದು ವಿಷಯ ಗಮನಿಸಿ. ಆ ಬ್ಯಾಂಕು ಸರ್ಕಾರದಿಂದ ಲೈಸೆನ್ಸ್ ಪಡೆದ ಬಂದೂಕು ವ್ಯಾಪಾರಿ ಕೂಡ ಹೌದು, ಸಿನಿಮಾದಲ್ಲೇ ಬ್ಯಾಂಕಿನವರು ಅದನ್ನ ಹೇಳ್ತಾರೆ. ಮೂರ್ ತುಂಬಿದ್ದು ಹಿನ್ನೆಲೆ ತಪಾಸಣೆಯ ಫಾರ್ಮ್. ಎರಡು ಗಂಟೆಯ ಸಿನಿಮಾದಲ್ಲಿ ಅಮೆರಿಕದ ಬಂದೂಕು ಕಾನೂನು ತನ್ನ ಕೆಲಸ ತಾನು ಮಾಡ್ತಾ ಇರೋದು ಕಣ್ಣಿಗೆ ಕಾಣೋದು ಆ ದೃಶ್ಯದಲ್ಲಿ. ಮೂರ್ ನಗಿಸಿದ್ದೂ ಅದನ್ನೇ ತೋರಿಸಿ.

ಅದು ಯಾವ ಫಾರ್ಮ್ ಅಂತ ಹೇಳಿಬಿಡ್ತೀನಿ. ಅದರ ನಂಬರ್ 4473. ಲೈಸೆನ್ಸ್ ಇರೋ ವ್ಯಾಪಾರಿ ಹತ್ತಿರ ಬಂದೂಕು ಕೊಳ್ಳೋರು ತಮ್ಮ ಹೆಸರು, ವಿಳಾಸ, ಹುಟ್ಟಿದ ದಿನ ಬರೆದು, ಸರಣಿ ಪ್ರಶ್ನೆಗಳಿಗೆ ಹೌದು-ಇಲ್ಲ ಉತ್ತರ ಕೊಟ್ಟು ಸಹಿ ಹಾಕಬೇಕು. ಗಂಭೀರ ಅಪರಾಧದಲ್ಲಿ ಶಿಕ್ಷೆ ಆಗಿದೆಯಾ? ಮಾದಕ ವಸ್ತು ಬಳಸ್ತೀರಾ? ಈ ಬಂದೂಕು ನಿಮಗೇನಾ, ಬೇರೆಯವರ ಪರವಾಗಿ ಕೊಳ್ತಿದ್ದೀರಾ? ಸುಳ್ಳು ಬರೆದರೆ 10 ವರ್ಷದವರೆಗೆ ಜೈಲು. ಆಮೇಲೆ ವ್ಯಾಪಾರಿ ಎಫ್‌ಬಿಐ ನಡೆಸೋ 'ನಿಕ್ಸ್' ಅನ್ನೋ ವ್ಯವಸ್ಥೆಯಲ್ಲಿ ಆ ಹೆಸರನ್ನ ತಾಳೆ ನೋಡ್ತಾನೆ. 1993ರ ಬ್ರೇಡಿ ಕಾಯ್ದೆಯಿಂದ ಹುಟ್ಟಿದ ಈ ವ್ಯವಸ್ಥೆ ಚಾಲೂ ಆಗಿದ್ದು 1998ರ ನವೆಂಬರ್ 30ಕ್ಕೆ.

ಈ ತಾರೀಕು ನೆನಪಿರಲಿ. ಕೊಲೊರಾಡೊ ರಾಜ್ಯದ ಕೊಲಂಬೈನ್ ಹೈಸ್ಕೂಲಿನಲ್ಲಿ ಇಬ್ಬರು ಹುಡುಗರು 12 ವಿದ್ಯಾರ್ಥಿಗಳನ್ನ, ಒಬ್ಬ ಶಿಕ್ಷಕರನ್ನ ಕೊಂದು ತಾವೂ ಸತ್ತಿದ್ದು 1999ರ ಏಪ್ರಿಲ್ 20ರಂದು. ಅವರಿಗೆ ಬಂದೂಕು ಎಲ್ಲಿಂದ ಬಂತು? ಸಿನಿಮಾದ ಹೆಸರಿನಲ್ಲೇ ಕೊಲಂಬೈನ್ ಇದೆ, ಹಾಗಾಗಿ ಈ ಪ್ರಶ್ನೆ ಕೇಳೋದು ಅತಿ ಆಸೆಯೇನಲ್ಲ. ಮೂರ್ ಅದಕ್ಕೆ ಕೊಡೋ ಉತ್ತರ ಒಂದೇ ವಾಕ್ಯ: ಬಂದೂಕುಗಳೆಲ್ಲ ಅಂಗಡಿ, ಗನ್ ಶೋಗಳಲ್ಲಿ ಕಾನೂನುಬದ್ಧವಾಗೇ ಕೊಂಡವು ಅನ್ನೋ ಅರ್ಥದ್ದು. ಮರುಕ್ಷಣವೇ ಮಾತು ಕೆ-ಮಾರ್ಟ್‌ನಲ್ಲಿ ಮಾರಿದ ಗುಂಡುಗಳ ಕಡೆ ತಿರುಗುತ್ತೆ. ಮುಂದೆ ಗಾಯಗೊಂಡು ಬದುಕುಳಿದ ಇಬ್ಬರು ಹುಡುಗರನ್ನ ಕರ್ಕೊಂಡು ಮೂರ್ ಕೆ-ಮಾರ್ಟ್ ಕಚೇರಿಗೇ ಹೋಗಿ, 90 ದಿನದಲ್ಲಿ ಕೈಬಂದೂಕಿನ ಗುಂಡು ಮಾರೋದನ್ನ ನಿಲ್ಲಿಸ್ತೀವಿ ಅಂತ ಕಂಪನಿಯಿಂದ ಹೇಳಿಸ್ತಾರೆ. ಒಳ್ಳೆ ಕೆಲಸ, ಅದನ್ನ ಕಡಿಮೆ ಮಾಡಿ ಮಾತಾಡಲ್ಲ. ಆದರೆ ಗನ್ ಶೋ ಆ ಒಂದು ವಾಕ್ಯದಲ್ಲೇ ಉಳಿದುಬಿಡುತ್ತೆ.

ನಮಗೆ ಗನ್ ಶೋ ಅಂದರೆ ಮಿಲಿಟರಿ ಪ್ರದರ್ಶನವೋ, ಕಳ್ಳಸಂತೆಯೋ ಅನ್ನೋ ಕಲ್ಪನೆ ಬರುತ್ತೆ. ಎರಡೂ ಅಲ್ಲ. ಅರಮನೆ ಮೈದಾನದಲ್ಲಿ ವೀಕೆಂಡ್ ಸೀರೆ-ಪೀಠೋಪಕರಣ ಮೇಳ ನಡೆಯುತ್ತಲ್ಲ, ಅದೇ ಥರ. ಊರಾಚೆಯ ಎಕ್ಸಿಬಿಷನ್ ಹಾಲು, ಬಾಗಿಲಲ್ಲಿ ಟಿಕೆಟ್ಟು, ಒಳಗೆ ಸಾಲುಸಾಲು ಬಾಡಿಗೆ ಟೇಬಲ್ಲು. ಬೇಟೆ ರೈಫಲ್ಲು, ಯುದ್ಧಕಾಲದ ಹಳೇ ಬಂದೂಕು, ಚಾಕು, ಗುಂಡಿನ ಡಬ್ಬಿ, ಪುಸ್ತಕ, ಒಣಮಾಂಸದ ಪ್ಯಾಕೆಟ್ಟು. ಮನೆಮಂದಿಯೆಲ್ಲ ಮಕ್ಕಳನ್ನ ಕರ್ಕೊಂಡು ಬಂದಿರ್ತಾರೆ. ಟೇಬಲ್ ಇಲ್ಲದವರು ತಮ್ಮ ಬಂದೂಕಿಗೆ 'ಮಾರಾಟಕ್ಕಿದೆ' ಅನ್ನೋ ಚೀಟಿ ಸಿಕ್ಕಿಸಿಕೊಂಡು ಹಾಲ್ ತುಂಬ ಓಡಾಡೋದೂ ಉಂಟು.

ಆ ಟೇಬಲ್‌ಗಳಲ್ಲಿ ಎರಡು ಜಾತಿ. ಒಂದು, ಲೈಸೆನ್ಸ್ ಇರೋ ವ್ಯಾಪಾರಿಯದ್ದು. ಶೋನಲ್ಲಿ ಮಾರಿದರೂ ಅಂಗಡಿಯಲ್ಲಿ ಮಾರಿದರೂ ಆತ 4473 ತುಂಬಿಸಬೇಕು, ತಪಾಸಣೆ ಮಾಡಬೇಕು. ಇನ್ನೊಂದು, ಖಾಸಗಿ ವ್ಯಕ್ತಿಯದ್ದು. ತನ್ನ ಸ್ವಂತ ಸಂಗ್ರಹದಿಂದ ಒಂದೆರಡು ಬಂದೂಕು ಮಾರೋಕೆ ಬಂದವನು. 1968ರ ಬಂದೂಕು ನಿಯಂತ್ರಣ ಕಾಯ್ದೆ ಲೈಸೆನ್ಸ್ ಕಡ್ಡಾಯ ಮಾಡಿದ್ದು 'ವ್ಯಾಪಾರ' ಮಾಡೋರಿಗೆ. 1986ರಲ್ಲಿ ಬಂದ ಇನ್ನೊಂದು ಕಾಯ್ದೆ, ಅಪರೂಪಕ್ಕೆ ಮಾರೋರು ಮತ್ತು ಸ್ವಂತ ಸಂಗ್ರಹ ಮಾರೋರು ವ್ಯಾಪಾರಿಗಳಲ್ಲ ಅಂತ ಬಿಡಿಸಿ ಹೇಳಿತು. ಹೀಗಾಗಿ ಪಕ್ಕಪಕ್ಕದ ಎರಡು ಟೇಬಲ್ ಮೇಲೆ ಒಂದೇ ಕಂಪನಿಯ, ಒಂದೇ ಮಾಡೆಲ್ಲಿನ ರೈಫಲ್ ಇದ್ದರೆ, ಒಂದಕ್ಕೆ ಫಾರ್ಮು, ಫೋನು, ತಪಾಸಣೆ. ಇನ್ನೊಂದಕ್ಕೆ ಕೈಗೆ ದುಡ್ಡು ಕೊಟ್ಟರೆ ಮುಗೀತು.

ಇದನ್ನ ಅಲ್ಲಿಯವರು 'ಗನ್ ಶೋ ಲೂಪ್‌ಹೋಲ್' ಅಂತಾರೆ. ಹೆಸರು ಸ್ವಲ್ಪ ದಾರಿ ತಪ್ಪಿಸುತ್ತೆ. ರಂಧ್ರ ಇರೋದು ಶೋನಲ್ಲಲ್ಲ, ಖಾಸಗಿ ಮಾರಾಟದಲ್ಲಿ. ಅದೇ ವ್ಯಕ್ತಿ ತನ್ನ ಮನೆ ಗ್ಯಾರೇಜಿನಲ್ಲಿ ಮಾರಿದರೂ, ಪಾರ್ಕಿಂಗ್ ಲಾಟ್‌ನಲ್ಲಿ ಮಾರಿದರೂ ಫೆಡರಲ್ ಕಾನೂನು ಒಂದೇ. ಹಾಗಂತ ಶೋಗೆ ಮಹತ್ವ ಇಲ್ಲ ಅಂತಲ್ಲ. ಖಾಸಗಿಯಾಗಿ ಮಾರೋರಲ್ಲಿ ಎಷ್ಟೋ ಜನ ಜವಾಬ್ದಾರಿ ಇರೋರು. ಐಡಿ ತೋರಿಸಿ ಅಂತಾರೆ, ರಶೀದಿಗೆ ಸಹಿ ಕೇಳ್ತಾರೆ. ಕಾನೂನು ಕೇಳದಿದ್ದರೂ ಅವರು ಕೇಳ್ತಾರೆ. ಆದರೆ ಸಹಿ ಹಾಕೋಕೆ ಇಷ್ಟ ಇಲ್ಲದವನು ನಾಲ್ಕು ಹೆಜ್ಜೆ ನಡೆದರೆ ಕೇಳದೇ ಇರೋ ಇನ್ನೊಬ್ಬ ಸಿಗ್ತಾನೆ. ಹುಷಾರಾಗಿರೋನಿಗೆ ಗಿರಾಕಿ ತಪ್ಪಿತು, ಅಷ್ಟೇ.

ಮಾರೋನ ಮೇಲೆ ಕಾನೂನು ಏನೂ ಹಾಕಿಲ್ಲ ಅಂತಲ್ಲ. ಕೊಳ್ಳೋನು ತನ್ನದೇ ರಾಜ್ಯದವನಾಗಿರಬೇಕು. ಬಂದೂಕು ಇಟ್ಟುಕೊಳ್ಳೋಕೆ ಅನರ್ಹ ಅಂತ ಗೊತ್ತಿದ್ದರೆ, ಅಥವಾ ಹಾಗೆ ನಂಬೋಕೆ ಸಕಾರಣ ಇದ್ದರೆ, ಅವನಿಗೆ ಮಾರಬಾರದು. ಕೇಳೋಕೆ ಸರಿಯಾಗೇ ಇದೆ. ಆದರೆ ತಿಳ್ಕೊಳ್ಳೋ ದಾರಿಯನ್ನ ಮಾರೋನಿಗೆ ಕೊಟ್ಟಿಲ್ಲ. ನಿಕ್ಸ್‌ಗೆ ಫೋನ್ ಮಾಡೋ ಹಕ್ಕು ಲೈಸೆನ್ಸ್ ಇರೋ ವ್ಯಾಪಾರಿಗೆ ಮಾತ್ರ. ತೀರಿಹೋದ ಅಪ್ಪನ ಬಂದೂಕು ಮಾರೋಕೆ ಬಂದ ಒಬ್ಬ ಸಭ್ಯ ಮನುಷ್ಯ, 'ಎದುರಿಗಿರೋನು ಯಾರು ಅಂತ ಒಮ್ಮೆ ನೋಡ್ಬಿಡ್ತೀನಿ' ಅಂದರೂ ಅವನಿಂದ ನೇರವಾಗಿ ಆಗೋಲ್ಲ. ಯಾರಾದರೂ ವ್ಯಾಪಾರಿಯನ್ನ ಹಿಡಿದು, ಫೀಸು ಕೊಟ್ಟು ಮಾಡಿಸ್ಕೋಬೇಕು. ಗೊತ್ತಿದ್ದು ಮಾರಿದರೆ ಅಪರಾಧ, ಗೊತ್ತಿಲ್ಲದೇ ಮಾರಿದರೆ ಅಲ್ಲ. ಹಾಗಾದರೆ ಕ್ಷೇಮ ಯಾವುದು? ಕೇಳದೇ ಇರೋದು.

ನಮ್ಮ ಅನುಭವ ಇದರ ಉಲ್ಟಾ. ಹಳೇ ಬೈಕ್ ಮಾರಿದವರನ್ನ ಕೇಳಿ. ಫಾರ್ಮ್ 29, ಫಾರ್ಮ್ 30ಕ್ಕೆ ಸಹಿ ಹಾಕಿ ಕೊಟ್ಟ ಮೇಲೂ, ಕೊಂಡೋನು ಆರ್‌ಸಿ ತನ್ನ ಹೆಸರಿಗೆ ಮಾಡಿಸಿಕೊಳ್ಳೋ ತನಕ ನಿದ್ದೆ ಬರಲ್ಲ. ಅವನು ಎಲ್ಲೋ ಗುದ್ದಿದರೆ ಪೊಲೀಸು ಬರೋದು ನಮ್ಮ ಮನೆಗೆ. ಅಂದರೆ ಕೊಳ್ಳೋನು ಯಾರು ಅಂತ ತಿಳ್ಕೊಳ್ಳೋದರಲ್ಲಿ ಮಾರೋನಿಗೆ ಲಾಭ ಇದೆ. ಇನ್ನು ಬಂದೂಕಿನ ವಿಷಯಕ್ಕೆ ಬಂದರೆ, ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಖಾಸಗಿ ವ್ಯಕ್ತಿ ತನ್ನ ಬಂದೂಕನ್ನ ಅರ್ಹ ವ್ಯಕ್ತಿಗೆ ಮಾರಬಹುದು. ಆದರೆ ಕೊಳ್ಳೋನ ಹೆಸರು-ವಿಳಾಸವನ್ನ ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಬರೆದು ಕೊಟ್ಟು 45 ದಿನ ಕಾಯಬೇಕು. ಆ 45 ದಿನವನ್ನ ಡೆನ್ವರ್‌ನ ಒಂದು ಭಾನುವಾರದ ಪಕ್ಕ ಇಟ್ಟು ನೋಡಿ.

ನಮ್ಮವರಿಗೆ ಇನ್ನೂ ನೇರವಾಗಿ ತಾಗೋ ಒಂದು ಅಂಶ ಇದೆ. ಎಚ್-1ಬಿಯಂಥ ತಾತ್ಕಾಲಿಕ ವೀಸಾ ಮೇಲೆ ಹೋದವರು, ಬೇಟೆ ಲೈಸೆನ್ಸ್ ಇದ್ದವರಿಗೆ ಇರೋ ವಿನಾಯಿತಿಯಂಥ ಕೆಲವನ್ನ ಬಿಟ್ಟರೆ, ಅಮೆರಿಕದಲ್ಲಿ ಬಂದೂಕು ಇಟ್ಟುಕೊಳ್ಳೋ ಹಾಗಿಲ್ಲ. ಇಟ್ಟುಕೊಂಡರೆ ಫೆಡರಲ್ ಅಪರಾಧ. ವ್ಯಾಪಾರಿಯ ಟೇಬಲ್ಲಿನಲ್ಲಿ 4473 ಇದನ್ನ ಕೇಳೇ ಕೇಳುತ್ತೆ, ಅಲ್ಲೇ ಎಚ್ಚರ ಆಗುತ್ತೆ. ಟೆಕ್ಸಾಸ್‌ನಂಥ ರಾಜ್ಯದ ಗನ್ ಶೋಗೆ ಸುಮ್ಮನೆ ನೋಡೋಕೆ ಅಂತ ಹೋದ ಬೆಂಗಳೂರಿನ ಹುಡುಗನನ್ನ ಪಕ್ಕದ ಖಾಸಗಿ ಟೇಬಲ್ಲಿನವನು ಈ ಪ್ರಶ್ನೆ ಕೇಳಲೇಬೇಕು ಅಂತಿಲ್ಲ. ಫಾರ್ಮ್ ಇರೋದು ಕೆಟ್ಟವರನ್ನ ಹಿಡಿಯೋಕೆ ಮಾತ್ರ ಅಲ್ಲ. ಸುಮ್ಮನೆ ಉತ್ಸಾಹದಲ್ಲಿರೋನನ್ನ ಒಂದು ನಿಮಿಷ ನಿಲ್ಲಿಸೋಕೂ ಅದು ಬೇಕು.

ಈಗ ಕೊಲಂಬೈನ್ ಹುಡುಗರ ಹತ್ತಿರ ಬರೋಣ. 1998ರ ಕೊನೆಯಲ್ಲಿ, ಅಂದರೆ ನಿಕ್ಸ್ ಶುರುವಾದ ಆಸುಪಾಸಿನಲ್ಲೇ, ಇಬ್ಬರೂ ಡೆನ್ವರ್ ಹತ್ತಿರದ ಟ್ಯಾನರ್ ಗನ್ ಶೋಗೆ ಹೋದರು. ಇಬ್ಬರಿಗೂ 17. 18 ತುಂಬಿದವರು ಯಾರನ್ನಾದರೂ ಕರ್ಕೊಂಡು ಬನ್ನಿ ಅನ್ನೋ ಉತ್ತರ ಸಿಕ್ಕಿತು. ಮಾರನೇ ದಿನ 18 ತುಂಬಿದ್ದ ಸಹಪಾಠಿ ಹುಡುಗಿಯನ್ನ ಕರ್ಕೊಂಡು ಬಂದರು. ಮೂವರೂ ಟೇಬಲ್ಲಿನಿಂದ ಟೇಬಲ್ಲಿಗೆ ಹೋಗ್ತಾ, ನೀವು ಲೈಸೆನ್ಸ್ ಇರೋ ವ್ಯಾಪಾರಿಯಾ, ಖಾಸಗಿಯಾ ಅಂತ ವಿಚಾರಿಸಿದರು. ಖಾಸಗಿ ಅಂದವರ ಹತ್ತಿರ ಕೊಂಡರು. ಎರಡು ಶಾಟ್‌ಗನ್, ಒಂದು 9 ಎಂಎಂ ಕಾರ್ಬೈನ್. ಹುಡುಗಿ ಯಾವ ಫಾರ್ಮನ್ನೂ ತುಂಬಲಿಲ್ಲ. ಇದೆಲ್ಲ ಆಮೇಲೆ ಅವಳೇ ಹೇಳಿದ್ದು. ಅವಳ ಮೇಲೆ ಕೇಸ್ ಆಗಲಿಲ್ಲ, ಯಾಕಂದರೆ ಅವತ್ತಿನ ಕಾನೂನಿನಲ್ಲಿ ಅವಳು ಮಾಡಿದ್ದು ಅಪರಾಧ ಆಗಿರಲಿಲ್ಲ.

2000ದ ಜನವರಿಯಲ್ಲಿ ಕೊಲೊರಾಡೊ ಶಾಸಕರ ಮುಂದೆ ಅವಳು ಹೇಳಿದ್ದರ ಸಾರಾಂಶ: ತೀರಾ ಸುಲಭ ಇತ್ತು, ಕಷ್ಟ ಆಗಿದ್ದರೆ ಚೆನ್ನಾಗಿತ್ತು, ತಪಾಸಣೆ ಎದುರಿಸಬೇಕಾಗಿದ್ದರೆ ನಾನು ಕೊಡಿಸ್ತಾನೇ ಇರಲಿಲ್ಲ.

ಈ ಮಾತನ್ನ ನಿಧಾನವಾಗಿ ಓದಬೇಕು. ಅವಳ ದಾಖಲೆ ಶುದ್ಧ ಇತ್ತು, ವಯಸ್ಸು ಆಗಿತ್ತು. ನಿಕ್ಸ್‌ನಲ್ಲಿ ಹೆಸರು ಹಾಕಿ ನೋಡಿದ್ದರೆ ಕಂಪ್ಯೂಟರ್ 'ಕೊಡಬಹುದು' ಅಂತಲೇ ಹೇಳ್ತಿತ್ತು. ಬಂದೂಕು ಪರ ವಾದಿಸೋರು ಇದನ್ನ ಎತ್ತಿ ತೋರಿಸ್ತಾರೆ, ತಪಾಸಣೆಯಿಂದ ಏನು ಪ್ರಯೋಜನ ಆಗ್ತಿತ್ತು ಅಂತ. ಆದರೆ ಅವಳು ಹೇಳ್ತಿರೋದು ಕಂಪ್ಯೂಟರಿನ ವಿಷಯ ಅಲ್ಲ. ಈ ಬಂದೂಕು ನಿಮಗೇನಾ ಅನ್ನೋ ಪ್ರಶ್ನೆ ಕಾಗದದ ಮೇಲೆ ಬರುತ್ತೆ, ಕೆಳಗೆ ತನ್ನ ಹೆಸರಲ್ಲಿ ಸಹಿ ಹಾಕಬೇಕು, ಸುಳ್ಳಾದರೆ ಜೈಲು. ಗೆಳೆಯರಿಗೆ ಒಂದು ಸಣ್ಣ ಸಹಾಯ ಅಂದುಕೊಂಡಿದ್ದು ಆ ಕ್ಷಣದಲ್ಲಿ ಅವಳದೇ ಹೊಣೆ ಆಗಿಬಿಡ್ತಿತ್ತು. ಆ ಸಹಿ ತಾನು ಹಾಕ್ತಿರಲಿಲ್ಲ ಅಂತ ಅವಳು ಹೇಳ್ತಿದ್ದಾಳೆ. ಬ್ಯಾಂಕಿನಲ್ಲಿ ಕೂತು ಮೂರ್ ನಗಾಡಿಕೊಂಡು ತುಂಬಿದ್ದು ಇದೇ ಫಾರ್ಮು.

ಸಿನಿಮಾ ಬರೋ ಹೊತ್ತಿಗೆ ಇದೆಲ್ಲ ಎರಡು ವರ್ಷ ಹಳೇ ಸುದ್ದಿ. ಹಾಗಿದ್ದೂ ಮೂರ್ ಯಾಕೆ ಮುಟ್ಟಲಿಲ್ಲ? ಅವರ ಮನಸ್ಸಿನಲ್ಲಿ ಏನಿತ್ತೋ, ಸಿನಿಮಾ ನೋಡಿದರೆ ಅದರ ದಾರಿಯಂತೂ ಕಾಣುತ್ತೆ. ಮೂರ್‌ಗೆ ಒಬ್ಬ ದೊಡ್ಡ ಎದುರಾಳಿ ಬೇಕು. ಎನ್‌ಆರ್‌ಎ ಅಧ್ಯಕ್ಷ ಚಾರ್ಲ್‌ಟನ್ ಹೆಸ್ಟನ್, ಲಿಟಲ್‌ಟನ್ ಪಕ್ಕದ ಕ್ಷಿಪಣಿ ಕಾರ್ಖಾನೆ, ಭಯ ಹಬ್ಬಿಸೋ ಟಿವಿ ಸುದ್ದಿ. ಕೊನೆಯಲ್ಲಿ ಹೆಸ್ಟನ್ ಅವರ ಮನೆಗೇ ಹೋಗಿ, ಉತ್ತರ ಕೊಡೋಕಾಗದೆ ಆ ಮುದುಕ ಎದ್ದು ನಡೆಯೋ ತನಕ ಕ್ಯಾಮೆರಾ ಬಿಡೋಲ್ಲ. ಗನ್ ಶೋ ಟೇಬಲ್ಲಿನ ಹಿಂದೆ ಅಂಥ ಖಳನಾಯಕ ಯಾರೂ ಇಲ್ಲ. ಅಲ್ಲಿರೋದು ನಗುಮುಖದ ಒಬ್ಬ ಮಾಮೂಲಿ ಮನುಷ್ಯ, ಕೇಳಬೇಕಾಗಿಲ್ಲದ ಪ್ರಶ್ನೆಯನ್ನ ಕೇಳದೆ ಇದ್ದವನು. ಅವನ ಮುಂದೆ ಮೈಕ್ ಹಿಡಿದರೆ ಜಗಳ ಆಗಲ್ಲ.

ಇನ್ನೊಂದು ಉದಾಹರಣೆ. ಕೊಲಂಬೈನ್ ನಡೆದು ಕೆಲವೇ ದಿನಕ್ಕೆ ಡೆನ್ವರ್‌ನಲ್ಲಿ ಎನ್‌ಆರ್‌ಎ ಸಭೆ ನಡೆದಾಗ ಹೊರಗೆ ಪ್ರತಿಭಟನೆ ಆಯಿತು. ಮಗ ಡೇನಿಯಲ್‌ನನ್ನ ಕಳೆದುಕೊಂಡ ಟಾಮ್ ಮೌಸರ್ ಅಲ್ಲಿ ಮಾತಾಡೋದನ್ನ ಮೂರ್ ತೋರಿಸ್ತಾರೆ. ಸಿನಿಮಾದ ಅತ್ಯಂತ ನಿಜವಾದ ಕ್ಷಣಗಳಲ್ಲಿ ಅದೂ ಒಂದು. ಆದರೆ ಮೌಸರ್ ಅಲ್ಲಿಗೆ ನಿಲ್ಲಲಿಲ್ಲ. 'ಸೇಫ್ ಕೊಲೊರಾಡೊ' ಅನ್ನೋ ಸಂಘಟನೆ ಜೊತೆ ಸೇರಿ, ಗನ್ ಶೋನ ಖಾಸಗಿ ಮಾರಾಟಕ್ಕೂ ತಪಾಸಣೆ ಕಡ್ಡಾಯ ಮಾಡೋ ಪ್ರಸ್ತಾವನ್ನ ನೇರವಾಗಿ ಜನರ ಮತಕ್ಕೆ ಹಾಕಿಸೋಕೆ ದುಡಿದರು. 2000ದ ನವೆಂಬರಿನಲ್ಲಿ ಅಮೆಂಡ್‌ಮೆಂಟ್ 22 ಹೆಸರಿನ ಆ ಪ್ರಸ್ತಾವಕ್ಕೆ ಸುಮಾರು 70% ಮತ ಬಿತ್ತು. ಬಂದೂಕು ಪ್ರೀತಿಸೋ ಪಶ್ಚಿಮದ ರಾಜ್ಯದಲ್ಲಿ 70%! ಬಂದೂಕು ಇಟ್ಟುಕೊಂಡವರೂ ಅದಕ್ಕೆ ಮತ ಹಾಕದೆ ಆ ಸಂಖ್ಯೆ ಬರೋದು ಕಷ್ಟ. ಸಿನಿಮಾ ನಮಗೆ ಆ ಅಪ್ಪನ ದುಃಖ ಕೊಡುತ್ತೆ, ಆತ ಗೆದ್ದಿದ್ದನ್ನ ಕೊಡಲ್ಲ. ನೋಡಿ ಮುಗಿಸಿದವರಿಗೆ ಅಮೆರಿಕ ಅಂದರೆ ವಾಸಿಯಾಗದ ರೋಗ ಅನ್ನೋ ಭಾವನೆ ಉಳಿಯುತ್ತೆ.

ಕೆನಡಾ ಭಾಗದಲ್ಲೂ ಇದೇ ಕಥೆ. ಅಲ್ಲೂ ಲಕ್ಷಾಂತರ ಬಂದೂಕು ಇವೆ, ಆದರೂ ಕೊಲೆ ಕಡಿಮೆ, ಹಾಗಾಗಿ ಕಾರಣ ಬಂದೂಕಲ್ಲ, ಅಮೆರಿಕನ್ನರ ಭಯ ಅನ್ನೋ ಕಡೆ ಮೂರ್ ನಮ್ಮನ್ನ ಒಯ್ಯುತ್ತಾರೆ. ಬಾಗಿಲಿಗೆ ಬೀಗ ಹಾಕದ ಮನೆಗಳನ್ನೂ ತೋರಿಸ್ತಾರೆ. ಚೆಂದ ಇದೆ. ಆದರೆ ಕೆನಡಾದಲ್ಲಿ ಬಂದೂಕು ಕೊಳ್ಳೋಕೆ ಮೊದಲು ವ್ಯಕ್ತಿಗೇ ಲೈಸೆನ್ಸ್ ಬೇಕು, ಅಂಗಡಿಯಲ್ಲಾದರೂ ಅಷ್ಟೇ, ಪಕ್ಕದ ಮನೆಯವರಿಂದ ಆದರೂ ಅಷ್ಟೇ. ಈ ವ್ಯತ್ಯಾಸವನ್ನ ಮುಂದಿಟ್ಟಿದ್ದರೆ ವಾದ ಭಯದಿಂದ ಕಾಗದದ ಕಡೆ ತಿರುಗಬೇಕಾಗ್ತಿತ್ತು.

ನನ್ನ ವಾದಕ್ಕೂ ಗಟ್ಟಿಯಾದ ಆಕ್ಷೇಪ ಇದೆ. 2016ರಲ್ಲಿ ಅಮೆರಿಕ ಸರ್ಕಾರ ಕೈದಿಗಳ ಸಮೀಕ್ಷೆ ಮಾಡಿದಾಗ, ಬಂದೂಕು ಹೊಂದಿದ್ದವರಲ್ಲಿ ಗನ್ ಶೋನಿಂದ ತಂದೆ ಅಂದವರು 1%ಗಿಂತ ಕಡಿಮೆ. ಬೀದಿ, ಕಾಳಸಂತೆಯಿಂದ ತಂದೆ ಅಂದವರು ಸುಮಾರು 43%. ಕೊಲಂಬೈನ್‌ನ ನಾಲ್ಕನೇ ಬಂದೂಕಿನ ಕಥೆಯೂ ಇದೆ. ಆ ಕೈಬಂದೂಕನ್ನ ಪರಿಚಯದ 22 ವರ್ಷದ ಒಬ್ಬ, 500 ಡಾಲರಿಗೆ ಹುಡುಗರಿಗೆ ಮಾರಿದ. ಅಪ್ರಾಪ್ತರಿಗೆ ಕೈಬಂದೂಕು ಮಾರೋದು ಆಗಲೇ ಅಪರಾಧ. ಅವನಿಗೆ 6 ವರ್ಷ ಜೈಲೂ ಆಯಿತು. ಕಾನೂನು ಇತ್ತು, ಮಾರಾಟ ನಿಲ್ಲಲಿಲ್ಲ.

ಎರಡನ್ನೂ ಒಪ್ಪಬೇಕು. ಆದರೆ ಆ ನಾಲ್ಕನೇ ಬಂದೂಕನ್ನ ಅವನು ಕೊಂಡಿದ್ದೂ ಟ್ಯಾನರ್ ಗನ್ ಶೋನಲ್ಲೇ. ಹುಡುಗರನ್ನ ಕೇಳಿದ್ದರೆ 'ಪರಿಚಯದವನ ಹತ್ತಿರ' ಅಂತಿದ್ದರು. ಸಮೀಕ್ಷೆ ಕೇಳೋದು ಕೊನೆಯ ಕೈಯನ್ನ. ಅದಕ್ಕೂ ಹಿಂದಿನ ಕೈಗಳನ್ನ ಹುಡುಕೋಕೆ ಹೋದರೆ, ಕಂಪನಿಯಿಂದ ವ್ಯಾಪಾರಿ, ವ್ಯಾಪಾರಿಯಿಂದ ಮೊದಲ ಗಿರಾಕಿ ತನಕ ಕಾಗದ ಸಿಗುತ್ತೆ. ಕಾಗದ ಕೇಳದ ರಾಜ್ಯಗಳಲ್ಲಿ ಮೊದಲ ಖಾಸಗಿ ಮಾರಾಟ ಆದ ಜಾಗದಲ್ಲಿ ಜಾಡು ಕಡಿದುಹೋಗುತ್ತೆ. ಟೆಕ್ಸಾಸ್‌ನ ಮಿಡ್‌ಲ್ಯಾಂಡ್-ಒಡೆಸ್ಸಾದಲ್ಲಿ 2019ರ ಆಗಸ್ಟ್ 31ರಂದು 7 ಜನರನ್ನ ಕೊಂದವನು, 2014ರಲ್ಲಿ ತಪಾಸಣೆಯಲ್ಲಿ ಫೇಲ್ ಆಗಿದ್ದವನು. ಅಂದರೆ ಫಾರ್ಮ್ ಅವನನ್ನ ಒಮ್ಮೆ ತಡೆದಿತ್ತು. ಆಮೇಲೆ ಅವನು ಖಾಸಗಿ ಮಾರಾಟದಲ್ಲಿ ರೈಫಲ್ ಕೊಂಡ. ಅಲ್ಲಿ ಶೋ ಇರಲಿಲ್ಲ, ಟೇಬಲ್ ಇರಲಿಲ್ಲ. ಇದ್ದದ್ದು ಅದೇ ಕೇಳದ ಪ್ರಶ್ನೆ.

ಅಲ್ಲಿಂದ ಇಲ್ಲಿಗೆ ರಾಜಕೀಯ ತೆವಳಿಕೊಂಡು ಸಾಗಿದೆ. 2013ರಲ್ಲಿ ಗನ್ ಶೋ ಮತ್ತು ಆನ್‌ಲೈನ್ ಮಾರಾಟಕ್ಕೆ ದೇಶದಾದ್ಯಂತ ತಪಾಸಣೆ ತರೋ ಪ್ರಸ್ತಾವಕ್ಕೆ ಸೆನೆಟ್‌ನಲ್ಲಿ 54 ಮತ ಬಿತ್ತು, 46 ವಿರುದ್ಧ. ಬೇಕಿದ್ದದ್ದು 60, ಬಿದ್ದುಹೋಯಿತು. ಅದೇ ವರ್ಷ ಕೊಲೊರಾಡೊ ತನ್ನ ಮಟ್ಟಿಗೆ ಎಲ್ಲ ಖಾಸಗಿ ಮಾರಾಟಕ್ಕೂ ತಪಾಸಣೆ ವಿಸ್ತರಿಸಿತು. 2022ರ ಫೆಡರಲ್ ಕಾಯ್ದೆ, ಯಾರು 'ವ್ಯಾಪಾರಿ' ಅನ್ನೋ ವ್ಯಾಖ್ಯೆಯನ್ನ ಸ್ವಲ್ಪ ಹಿಗ್ಗಿಸಿತು. ಅದರ ಆಧಾರದ ಮೇಲೆ 2024ರಲ್ಲಿ ಬಂದ ನಿಯಮ ಕೋರ್ಟಿಗೆ ಹೋಯಿತು. ಇವೆಲ್ಲ ನಡೆಯೋದು ಅರ್ಧವಿರಾಮ, ವ್ಯಾಖ್ಯೆ, ಫಾರ್ಮ್ ನಂಬರ್‌ಗಳ ಮಟ್ಟದಲ್ಲಿ. ಸಿನಿಮಾ ಮಾಡೋಕೆ ಬೋರು ಅನ್ನಿಸಬಹುದು. ಆದರೆ ಯಾರ ಕೈಗೆ ಏನು ಸಿಗುತ್ತೆ ಅನ್ನೋದು ತೀರ್ಮಾನ ಆಗೋದು ಅಲ್ಲೇ.

'ಬೌಲಿಂಗ್ ಫಾರ್ ಕೊಲಂಬೈನ್' ನೋಡಬೇಡಿ ಅಂತ ಹೇಳ್ತಿಲ್ಲ. ಶಾಲೆಯ ಸಿಸಿ ಕ್ಯಾಮೆರಾ ದೃಶ್ಯಗಳ ಭಾಗ ಇವತ್ತಿಗೂ ಎದೆ ಹಿಂಡುತ್ತೆ, ಕೆ-ಮಾರ್ಟ್ ಭಾಗ ಇವತ್ತಿಗೂ ಧೈರ್ಯ ಕೊಡುತ್ತೆ. ನೋಡುವಾಗ ಬಂದೂಕು ಎಲ್ಲಿಂದ ಬಂತು ಅನ್ನೋ ಆ ಒಂದು ವಾಕ್ಯ ಬಂದಾಗ ಪಾಸ್ ಒತ್ತಿ, ಅಷ್ಟೇ. ಅಲ್ಲಿ ಮೂವರು ಹದಿಹರೆಯದವರು ಒಂದು ಹಾಲ್‌ನಲ್ಲಿ ಟೇಬಲ್ಲಿನಿಂದ ಟೇಬಲ್ಲಿಗೆ ನಡೀತಿದ್ದಾರೆ, ಫಾರ್ಮ್ ಕೇಳದವರು ಯಾರು ಅಂತ ಹುಡುಕ್ತಾ. ಆಸ್ಕರ್ ಗೆದ್ದ ಸಿನಿಮಾ ಅವರ ಹಿಂದೆ ಹೋಗಬೇಕಿತ್ತು.